ಹಂಚಿಕೆಯ ಡಿಸ್ಕು: ದೋಷನಿದಾನವೂ ಪರೀಕ್ಷಾಕ್ರಮವೂ

೧. ವಿಷಯಪ್ರವೇಶ

ಓಲೆಯ ಪ್ರತಿಗಳ ಛಾಯಾಚಿತ್ರಗಳು, ಶಾಸನಗಳ ಪಡಿಯಚ್ಚುಗಳು, ನಿಘಂಟುಗಳ ಪದಪಟ್ಟಿಗಳು, ಪಾಠಾಂತರಗಳ ಸಂಗ್ರಹಗಳು ಮೊದಲಾದುವೆಲ್ಲವೂ ಈಗ ಕಂಪ್ಯೂಟರುಗಳಲ್ಲಿ ಶೇಖರವಾಗುತ್ತಿರುವುದು ವಾಚಕರಿಗೆ ವಿದಿತವೇ ಆಗಿದೆ. ಆ ಕಂಪ್ಯೂಟರುಗಳಲ್ಲಿ ಅನೇಕವು ಕೈಯಿಂದ ಮುಟ್ಟಿ ತೋರಿಸಬಹುದಾದ ಪ್ರತ್ಯೇಕ ಪೆಟ್ಟಿಗೆಗಳಲ್ಲ; ಒಂದು ದೊಡ್ಡ ಸರ್ವರಿನೊಳಗೆ ತಂತ್ರಾಂಶದ ಬಲದಿಂದ ಏರ್ಪಟ್ಟ ವರ್ಚುವಲ್ ಮೆಷಿನ್ನುಗಳು. ಇಂತಹ ಎರಡು ಅಥವಾ ಅದಕ್ಕೂ ಹೆಚ್ಚಿನ ಮೆಷಿನ್ನುಗಳಿಗೆ ಒಂದೇ ಡಿಸ್ಕನ್ನು ಒಪ್ಪಿಸುವ ಪದ್ಧತಿಯೊಂದುಂಟು. ಆ ಡಿಸ್ಕಿನಲ್ಲಿ ದೋಷವು ತೋರಿದಾಗ ಅದನ್ನು ಹೇಗೆ ಗುರುತಿಸತಕ್ಕದ್ದು, ಯಾವ ಕ್ರಮದಿಂದ ಪರೀಕ್ಷಿಸತಕ್ಕದ್ದು, ಏನನ್ನು ಮಾಡಕೂಡದು ಎಂಬುದನ್ನು ಸಂಗ್ರಹವಾಗಿ ನಿರೂಪಿಸುವುದೇ ಈ ಲೇಖನದ ಉದ್ದೇಶವಾಗಿದೆ.

ಇದು ಯಂತ್ರಜ್ಞರಿಗೆ ಸೇರಿದ ವಿಷಯ, ಸಾಹಿತ್ಯದ ವಿದ್ವಾಂಸರಿಗೆ ಇದರಿಂದಾಗುವ ಪ್ರಯೋಜನವೇನು ಎಂದು ಕೇಳಬಹುದು. ಡಿಸ್ಕು ಕೆಟ್ಟರೆ ಬೇರೊಂದನ್ನು ಕೊಳ್ಳಬಹುದು. ಜೀರ್ಣವಾಗಿ ಹೋದ ಓಲೆಯ ಕಡೆಯ ಛಾಯಾಚಿತ್ರವು ಕೆಟ್ಟರೆ ಅದನ್ನು ಎಲ್ಲಿಂದ ತರುವುದು? ಅಲ್ಲದೆ ಇಲ್ಲಿ ಹೇಳಲಿರುವ ದೋಷಗಳೊಳಗೆ ಅತ್ಯಂತ ಭಯಂಕರವಾದುದು ಯಾವ ಎಚ್ಚರಿಕೆಯನ್ನೂ ಕೊಡದೆ ಒಳಗಿನ ಪಾಠವನ್ನು ಕೆಡಿಸತಕ್ಕದ್ದು. ಡಿಸ್ಕು ಸರಿಯಾಗಿದೆಯೆಂದು ಯಂತ್ರಜ್ಞನು ಹೇಳಬಲ್ಲನು. ಅದರಲ್ಲಿರುವ ಪಾಠವು ಸರಿಯಾಗಿದೆಯೆಂದು ಹೇಳಬೇಕಾದವರು ಆ ಪಾಠವನ್ನು ಬಲ್ಲವರೇ. ಆದುದರಿಂದ ಗ್ರಂಥಸಂಗ್ರಹಗಳ ಹೊಣೆಯನ್ನು ಹೊತ್ತಿರುವವರು ಈ ವಿಷಯದ ತತ್ತ್ವವನ್ನಾದರೂ ತಿಳಿದಿರುವುದು ಅವಶ್ಯವೆಂದು ನನ್ನ ಅಭಿಪ್ರಾಯ.

ಸಿದ್ಧಾಂತವನ್ನು ಮೊದಲೇ ಹೇಳಿಬಿಡುತ್ತೇನೆ. ಹಂಚಿಕೆಯ ಡಿಸ್ಕಿನ ತೊಂದರೆಗಳಲ್ಲಿ ಡಿಸ್ಕೇ ಕೆಟ್ಟಿರುವುದು ಕೆಲವು ಸಂದರ್ಭಗಳಲ್ಲಿ ಮಾತ್ರ. ಅದರ ಮೇಲೆ ಬರೆಯತಕ್ಕವರೊಳಗಿನ ಒಪ್ಪಂದವು ಯಾವುದೋ ಒಂದು ಅಂತಸ್ತಿನಲ್ಲಿ ಮುರಿದಿರುವುದೇ ಹೆಚ್ಚು. ಆದಕಾರಣ ಪರೀಕ್ಷಕನು ಪ್ರತಿಯೊಂದು ಅಂತಸ್ತಿನಲ್ಲಿಯೂ ಕೇಳಬೇಕಾದ ಪ್ರಶ್ನೆ ಒಂದೇ: ಈಗ ಬರೆಯುವ ಅಧಿಕಾರವು ತನಗುಂಟೆಂದು ಯಾರು ಯಾರು ತಿಳಿದಿದ್ದಾರೆ?

೨. ವರ್ಚುವಲ್ ಮೆಷಿನ್ನಿನ ಸ್ವರೂಪ

‘ವರ್ಚುವಲ್’ ಎಂಬುದಕ್ಕೆ ‘ಮಿಥ್ಯೆ’ ಎಂದು ಅರ್ಥಮಾಡುವುದು ಸಾಧುವಲ್ಲ. ಸ್ವರೂಪದಿಂದ ಬೇರೆಯಲ್ಲದಿದ್ದರೂ ವ್ಯವಹಾರದಿಂದ ಬೇರೆಯಾಗಿ ನಡೆಯತಕ್ಕದ್ದೆಂದು ಇಲ್ಲಿ ತಿಳಿಯಬೇಕು. ಒಂದು ಸರ್ವರಿನ ಗಣನಶಕ್ತಿಯನ್ನೂ ಸ್ಮೃತಿಯನ್ನೂ ವಿಭಾಗಿಸಿ, ಒಂದೊಂದು ಭಾಗಕ್ಕೂ ತಾನೇ ಪೂರ್ಣವಾದ ಕಂಪ್ಯೂಟರೆಂಬ ಭಾವನೆಯನ್ನು ಹುಟ್ಟಿಸುವ ತಂತ್ರಾಂಶಕ್ಕೆ ಹೈಪರ್‌ವೈಸರ್ ಎಂದು ಹೆಸರು. ಅದು ನಡೆಯುವ ನಿಜವಾದ ಸರ್ವರಿಗೆ ಹೋಸ್ಟ್ ಎಂದೂ, ಅದರೊಳಗಿನ ಒಂದೊಂದು ಮೆಷಿನ್ನಿಗೆ ಗೆಸ್ಟ್ ಎಂದೂ ಯಂತ್ರಜ್ಞರು ವ್ಯವಹರಿಸುತ್ತಾರೆ.

ಈ ಕಲ್ಪನೆಯು ಹೊಸದಲ್ಲ. ಅಮೆರಿಕಾ ದೇಶದ ಕೇಂಬ್ರಿಜ್ ಪಟ್ಟಣದಲ್ಲಿದ್ದ ಐಬಿಎಂ ಸಂಸ್ಥೆಯ ವೈಜ್ಞಾನಿಕ ಕೇಂದ್ರದಲ್ಲಿ ಸಿಪಿ-೪೦ ಎಂಬ ವ್ಯವಸ್ಥೆಯು ೧೯೬೭ರಲ್ಲಿ ಬಳಕೆಗೆ ಬಂದಿತು. ೧೯೭೨ರಲ್ಲಿ ಅದೇ ಸಂಸ್ಥೆಯು ವಿಎಂ/೩೭೦ ಎಂಬುದನ್ನು ಪ್ರಕಟಿಸಿತು. ಮುಂದೆ ವಿಎಂವೇರ್ ಸಂಸ್ಥೆಯ ಇಎಸ್‌ಎಕ್ಸ್ ೨೦೦೧ರಲ್ಲಿಯೂ, ಜೆನ್ ೨೦೦೩ರಲ್ಲಿಯೂ, ಲಿನಕ್ಸಿನ ಅಂಗವಾಗಿ ಕೆವಿಎಂ ೨೦೦೭ರಲ್ಲಿಯೂ, ಮೈಕ್ರೋಸಾಫ್ಟಿನ ಹೈಪರ್-ವಿ ೨೦೦೮ರಲ್ಲಿಯೂ ಹೊರಬಂದುವು.

ವಿಎಂ/೩೭೦ರಲ್ಲಿ ಒಂದು ದೊಡ್ಡ ಡಿಸ್ಕನ್ನು ಮಿನಿಡಿಸ್ಕುಗಳೆಂಬ ಭಾಗಗಳಾಗಿ ಮಾಡಿ, ಅವುಗಳಲ್ಲೊಂದನ್ನು ಹಲವರು ಜೋಡಿಸಿಕೊಳ್ಳಲು ಅವಕಾಶವಿತ್ತು. ಜೋಡಿಸಿಕೊಳ್ಳುವವನು ತನಗೆ ಬೇಕಾದ ಅಧಿಕಾರವನ್ನು ಅಕ್ಷರಸಂಕೇತದಿಂದ ತಿಳಿಸಬೇಕಾಗಿತ್ತು: ಬೇರೆ ಯಾರೂ ಬರೆಯದಿದ್ದರೆ ಮಾತ್ರ ಓದುವುದು, ಬರೆಯುವವರಿದ್ದರೂ ಓದುವುದು, ಬೇರೆ ಯಾರೂ ಜೋಡಿಸಿಕೊಂಡಿಲ್ಲದಿದ್ದರೆ ಬರೆಯುವುದು, ಕಡೆಗೆ ಯಾರು ಬರೆಯುತ್ತಿದ್ದರೂ ತಾನೂ ಬರೆಯುವುದು. ಈ ಕಡೆಯ ಅಧಿಕಾರವನ್ನು ಪಡೆದವರು ತಮ್ಮೊಳಗೆ ಬೇರೆ ಒಪ್ಪಂದವನ್ನು ಮಾಡಿಕೊಂಡಿರದಿದ್ದರೆ ಡಿಸ್ಕಿನಲ್ಲಿರುವುದು ನಾಶವಾಗುವುದು. ಇಂದಿನ ಎಲ್ಲಾ ವ್ಯವಸ್ಥೆಗಳಲ್ಲಿಯೂ ಇರುವ ಸಮಸ್ಯೆಯು ಇದೇ. ಹೆಸರುಗಳು ಮಾತ್ರ ಬದಲಾಗಿವೆ.

ಗೆಸ್ಟಿನಲ್ಲಿ ಕುಳಿತವನಿಗೆ ಡಿಸ್ಕು ಒಂದೇ ವಸ್ತುವಾಗಿ ತೋರಿದರೂ ಅದರ ಕೆಳಗೆ ಅನೇಕ ಅಂತಸ್ತುಗಳಿವೆ. ಕೆಳಗಿನಿಂದ ಎಣಿಸುವುದಾದರೆ ಇಂತು: (೧) ನಿಜವಾದ ಶೇಖರಣಪೆಟ್ಟಿಗೆ, ಅಂದರೆ ಸ್ಟೋರೇಜ್, (೨) ಅದನ್ನು ಹೋಸ್ಟಿಗೆ ಸೇರಿಸುವ ಜಾಲ, (೩) ಹೈಪರ್‌ವೈಸರಿನ ಫೈಲ್ ವ್ಯವಸ್ಥೆ, (೪) ಅದರಲ್ಲಿ ಡಿಸ್ಕೆಂದು ನಟಿಸುವ ಒಂದು ಫೈಲು, (೫) ಗೆಸ್ಟಿಗೆ ತೋರುವ ವರ್ಚುವಲ್ ಕಂಟ್ರೋಲರು, (೬) ಗೆಸ್ಟಿನ ಕರ್ನೆಲ್ಲು ಮತ್ತು ಅದರ ಫೈಲ್ ವ್ಯವಸ್ಥೆ, (೭) ಇವೆಲ್ಲದರ ಮೇಲೆ ಡೇಟಾಬೇಸ್ ಮೊದಲಾದ ಕಾರ್ಯಕ್ರಮ. ದೋಷವು ಏಳನೆಯದರಲ್ಲಿ ಕಾಣಿಸಿಕೊಂಡು ಕಾರಣವು ನಾಲ್ಕನೆಯದರಲ್ಲಿರುವುದು ಸಾಮಾನ್ಯ.

೩. ಸಂಪ್ರಾಪ್ತಿ, ಎಂದರೆ ದೋಷವು ಉಂಟಾಗುವ ಬಗೆ

ಆಯುರ್ವೇದದಲ್ಲಿ ರೋಗವನ್ನು ತಿಳಿಯಲು ನಿದಾನ, ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿಯೆಂದು ಐದು ಸಾಧನಗಳನ್ನು ಹೇಳಿದೆಯಷ್ಟೆ. ಪ್ರಕೃತ ವಿಷಯದಲ್ಲಿ ಸಂಪ್ರಾಪ್ತಿಯನ್ನು ಮೊದಲು ತಿಳಿದರೆ ಉಳಿದುವು ಸುಲಭವಾಗುವುವು.

ದೃಷ್ಟಾಂತಕ್ಕಾಗಿ ಒಂದು ಗ್ರಂಥಭಂಡಾರವನ್ನು ಭಾವಿಸೋಣ. ಅದರ ಒಂದು ಮೆಷಿನ್ನಿನಲ್ಲಿ ಸೂಚೀಪತ್ರವನ್ನು ತಯಾರಿಸುತ್ತಾರೆ. ಇನ್ನೊಂದರಲ್ಲಿ ಓಲೆಗಳ ಚಿತ್ರಗಳನ್ನು ಸೇರಿಸುತ್ತಾರೆ. ಎರಡಕ್ಕೂ ಒಂದೇ ಡಿಸ್ಕನ್ನು ಜೋಡಿಸಿದೆ. ಅದರಲ್ಲಿ ಲಿನಕ್ಸಿನ ಸಾಮಾನ್ಯವಾದ ಎಕ್ಸ್‌ಟ್-೪ ಎಂಬ ಫೈಲ್ ವ್ಯವಸ್ಥೆಯಿದೆ. ಡಿಸ್ಕು ಸಣ್ಣ ಸಣ್ಣ ಬ್ಲಾಕುಗಳಾಗಿ ವಿಭಕ್ತವಾಗಿರುವುದು. ಯಾವ ಬ್ಲಾಕು ಖಾಲಿ, ಯಾವುದು ಭರ್ತಿ ಎಂಬ ಪಟ್ಟಿಯೂ ಡಿಸ್ಕಿನಲ್ಲಿಯೇ ಇರುವುದು. ಪ್ರತಿಯೊಂದು ಮೆಷಿನ್ನೂ ಈ ಪಟ್ಟಿಯನ್ನು ಒಮ್ಮೆ ಓದಿ ತನ್ನ ಸ್ಮೃತಿಯಲ್ಲಿಟ್ಟುಕೊಂಡು, ಅನಂತರ ಆ ಸ್ಮೃತಿಯನ್ನೇ ಪ್ರಮಾಣವೆಂದು ನಂಬಿ ನಡೆಯುತ್ತದೆ. ಇದೇ ಕ್ಯಾಷ್ ಎನಿಸಿಕೊಳ್ಳುವುದು. ಐನೂರನೆಯ ಬ್ಲಾಕು ಖಾಲಿಯೆಂದು ಇಬ್ಬರ ಸ್ಮೃತಿಯಲ್ಲಿಯೂ ಇದೆ. ಮೊದಲನೆಯದು ಅಲ್ಲಿ ಸೂಚೀಪತ್ರದ ಒಂದು ಭಾಗವನ್ನು ಬರೆಯಿತು. ಎರಡನೆಯದಕ್ಕೆ ಇದು ತಿಳಿಯದು. ಅದೂ ಅಲ್ಲಿಯೇ ಚಿತ್ರದ ಒಂದು ಭಾಗವನ್ನು ಬರೆಯಿತು. ಇಬ್ಬರಿಗೂ ‘ಬರೆದುದಾಯಿತು’ ಎಂಬ ಉತ್ತರವೇ ಬಂದಿತು. ಡಿಸ್ಕು ತನಗೆ ಹೇಳಿದುದನ್ನು ಯಥಾವತ್ತಾಗಿ ಮಾಡಿದೆ, ಅದರಲ್ಲಿ ದೋಷವಿಲ್ಲ. ಆದರೆ ಸೂಚೀಪತ್ರದ ನಡುವೆ ಚಿತ್ರದ ಚೂರೊಂದು ಸೇರಿಹೋಯಿತು. ಮೊದಲನೆಯ ಮೆಷಿನ್ನು ಇನ್ನೂ ತನ್ನ ಸ್ಮೃತಿಯಿಂದಲೇ ಸೂಚೀಪತ್ರವನ್ನು ತೋರಿಸುತ್ತಿರುವುದರಿಂದ ಅಲ್ಲಿ ಕುಳಿತವನಿಗೆ ಎಲ್ಲವೂ ಸರಿಯಾಗಿಯೇ ಕಾಣುವುದು. ಅದನ್ನು ನಿಲ್ಲಿಸಿ ಮತ್ತೆ ಆರಂಭಿಸಿದ ದಿನ ಹಾನಿಯು ಬೆಳಕಿಗೆ ಬರುವುದು. ಆಗ ಆ ದಿನದ ಕೆಲಸವೇ ಕಾರಣವೆಂದು ಭ್ರಮೆಯಾಗುವುದು.

ಎಕ್ಸ್‌ಟ್-೪, ಎಕ್ಸ್‌ಎಫ್‌ಎಸ್, ವಿಂಡೋಸಿನ ಎನ್‌ಟಿಎಫ್‌ಎಸ್ ಇವು ಏಕಕರ್ತೃಕವಾದ ವ್ಯವಸ್ಥೆಗಳು. ಬರೆಯತಕ್ಕವನು ಒಬ್ಬನೇ ಎಂಬ ನಂಬಿಕೆಯ ಮೇಲೆ ನಿಂತಿವೆ. ಲಿನಕ್ಸಿನಲ್ಲಿ ೨೦೦೬ರಲ್ಲಿ ಸೇರಿದ ಜಿಎಫ್‌ಎಸ್-೨ ಮತ್ತು ಓಸಿಎಫ್‌ಎಸ್-೨ ಬಹುಕರ್ತೃಕವಾದುವು. ಇವುಗಳಲ್ಲಿ ಒಂದು ಮೆಷಿನ್ನು ಬರೆಯುವ ಮುಂಚೆ ಉಳಿದುವುಗಳಿಂದ ಜಾಲದ ಮೂಲಕ ಲಾಕನ್ನು ಪಡೆಯುತ್ತದೆ, ಉಳಿದುವು ತಮ್ಮ ಸ್ಮೃತಿಯಲ್ಲಿರುವ ಹಳೆಯ ಪ್ರತಿಯನ್ನು ಬಿಟ್ಟುಬಿಡುತ್ತವೆ. ಕೆಲವು ಡೇಟಾಬೇಸುಗಳು ಫೈಲ್ ವ್ಯವಸ್ಥೆಯನ್ನು ಆಶ್ರಯಿಸದೆ ತಾವೇ ಈ ಒಪ್ಪಂದವನ್ನು ನಡೆಸುತ್ತವೆ. ಡಿಸ್ಕನ್ನು ಹಂಚುವುದು ಬೇರೆ, ಬರವಣಿಗೆಯನ್ನು ಹೊಂದಿಸುವುದು ಬೇರೆ. ಹೈಪರ್‌ವೈಸರು ಮೊದಲನೆಯದನ್ನು ಮಾತ್ರ ಮಾಡಿಕೊಡುವುದು.

ಇಲ್ಲಿ ಒಂದು ಶಂಕೆ. ಎರಡನೆಯ ಮೆಷಿನ್ನು ಓದುವುದಕ್ಕೆ ಮಾತ್ರವೆಂದು ಡಿಸ್ಕನ್ನು ತೆರೆದರೆ ಹಾನಿಯಿಲ್ಲವಷ್ಟೆ? ಹಾಗಲ್ಲ. ಎಕ್ಸ್‌ಟ್-೪ ವ್ಯವಸ್ಥೆಯಲ್ಲಿ ಜರ್ನಲ್ ಎಂಬ ದಿನಚರಿಯೊಂದುಂಟು. ನಡೆಯುತ್ತಿರುವ ಬದಲಾವಣೆಗಳನ್ನು ಮೊದಲು ಅಲ್ಲಿ ಗುರುತಿಸಲಾಗುವುದು. ಓದುವುದಕ್ಕೆಂದೇ ತೆರೆದರೂ ಅಪೂರ್ಣವಾದ ಜರ್ನಲ್ ಕಂಡರೆ ಕರ್ನೆಲ್ಲು ಅದನ್ನು ಡಿಸ್ಕಿನ ಮೇಲೆ ಜಾರಿಗೊಳಿಸುವುದು, ಅದು ಬರವಣಿಗೆಯೇ. ಹಾಗೆ ಮಾಡಬಾರದೆಂದು ಪ್ರತ್ಯೇಕವಾಗಿ ವಿಧಿಸಬೇಕು. ವಿಧಿಸಿದರೂ ಓದುವವನ ಸ್ಮೃತಿಯು ಹಳತಾಗುತ್ತಲೇ ಹೋಗುವುದರಿಂದ, ಒಬ್ಬನು ಬರೆಯುತ್ತಿರುವಾಗ ಇನ್ನೊಬ್ಬನು ಓದಿದುದಕ್ಕೆ ಪ್ರಾಮಾಣ್ಯವಿಲ್ಲ.

೪. ರೂಪಭೇದಗಳು

ದೋಷದ ರೂಪಗಳನ್ನು ಮೂರು ವರ್ಗಗಳಾಗಿ ವಿಂಗಡಿಸಬಹುದು.

ಮೊದಲನೆಯದು, ನಿರಾಕರಣೆ. ಎರಡನೆಯ ಮೆಷಿನ್ನನ್ನು ಆರಂಭಿಸಹೋದರೆ ಫೈಲಿಗೆ ಲಾಕು ಬಿದ್ದಿದೆಯೆಂದು ಹೇಳಿ ಹೈಪರ್‌ವೈಸರು ನಿಂತುಬಿಡುವುದು. ನೋಡುವವನಿಗೆ ಇದೇ ದೊಡ್ಡ ತೊಂದರೆಯಾಗಿ ತೋರಿದರೂ ಮೂರರೊಳಗೆ ಇದು ಅತ್ಯಂತ ಸೌಮ್ಯವಾದುದು. ಲಾಕು ತನ್ನ ಕೆಲಸವನ್ನು ಮಾಡುತ್ತಿದೆ. ವಿಎಂವೇರಿನ ವಿಎಂಎಫ್‌ಎಸ್ ವ್ಯವಸ್ಥೆಯು ಒಂದು ಡಿಸ್ಕ್ ಫೈಲನ್ನು ಒಂದೇ ಮೆಷಿನ್ನಿಗೆ ಕೊಡುವುದು ಸ್ವಭಾವ. ಕೆವಿಎಂನೊಡನೆ ನಡೆಯುವ ಕ್ಯೂಎಮು ಎಂಬ ತಂತ್ರಾಂಶದಲ್ಲಿಯೂ ೨೦೧೭ರಿಂದ ಇಂತಹ ಲಾಕು ಉಂಟು. ನಿಜವಾಗಿಯೂ ಹಂಚಬೇಕಾಗಿದ್ದರೆ ಅದನ್ನು ಬಾಯಿಬಿಟ್ಟು ಹೇಳಬೇಕು: ವಿಎಂವೇರಿನಲ್ಲಿ ಮಲ್ಟಿ-ರೈಟರ್ ಎಂಬ ಗುರುತನ್ನು ಆ ಡಿಸ್ಕಿಗೆ ಹಂಚಿಕೆಯಲ್ಲಿರುವ ಎಲ್ಲಾ ಮೆಷಿನ್ನುಗಳಲ್ಲಿಯೂ ಇಡಬೇಕು. ಒಂದರಲ್ಲಿ ಇಟ್ಟು ಇನ್ನೊಂದರಲ್ಲಿ ಮರೆತರೆ ನಿರಾಕರಣೆಯು ತಪ್ಪದು. ಕೆವಿಎಂನಲ್ಲಿ ಡಿಸ್ಕು ಹಂಚತಕ್ಕದ್ದೆಂದು ಸೂಚಿಸಿ, ಹೋಸ್ಟಿನ ಕ್ಯಾಷನ್ನು ನಿಲ್ಲಿಸಬೇಕು.

ಡಿಸ್ಕ್ ಫೈಲಿನ ಜಾತಿಯೂ ಇಲ್ಲಿ ಮುಖ್ಯ. ಬರೆದಂತೆಲ್ಲಾ ಬೆಳೆಯುವ ಫೈಲುಗಳಲ್ಲಿ ಯಾವ ಭಾಗ ಎಲ್ಲಿದೆಯೆಂಬ ಒಳಪಟ್ಟಿಯೊಂದು ಇದ್ದು, ಅದು ಬರವಣಿಗೆಯೊಡನೆ ಬದಲಾಗುತ್ತಿರುವುದು. ಇಬ್ಬರು ಬರೆದರೆ ಒಳಪಟ್ಟಿಯೇ ಕೆಡುವುದು. ಆದಕಾರಣ ವಿಎಂಎಫ್‌ಎಸ್‌ನ ಮೇಲೆ ಮಲ್ಟಿ-ರೈಟರ್ ಡಿಸ್ಕು ಮೊದಲೇ ಪೂರ್ತಿಯಾಗಿ ಸೊನ್ನೆಗಳಿಂದ ತುಂಬಿದ ಜಾತಿಯದಾಗಿರಬೇಕು, ವರ್ಚುವಲ್‌ಬಾಕ್ಸಿನಲ್ಲಿ ನಿಯತಪರಿಮಾಣದ್ದಾಗಿರಬೇಕು, ಕೆವಿಎಂನಲ್ಲಿ ಕ್ಯೂಕೌ-೨ ಜಾತಿಯನ್ನು ಬಿಟ್ಟು ರಾ ಎಂಬ ಸರಳ ಜಾತಿಯನ್ನೇ ಹಿಡಿಯಬೇಕು. ಸ್ನ್ಯಾಪ್‌ಷಾಟ್ ನಿಷಿದ್ಧವಾಗಿರುವುದಕ್ಕೂ ಇದೇ ಯುಕ್ತಿ. ಸ್ನ್ಯಾಪ್‌ಷಾಟ್ ತೆಗೆದೊಡನೆ ಆ ಮೆಷಿನ್ನಿನ ಮುಂದಿನ ಬರವಣಿಗೆಯು ಒಂದು ಹೊಸ ಫೈಲಿಗೆ ಹೋಗುವುದು. ಇನ್ನೊಂದು ಮೆಷಿನ್ನು ಹಳೆಯದರಲ್ಲಿಯೇ ಬರೆಯುತ್ತಿರುವುದು. ಒಂದೇ ಡಿಸ್ಕು ಎರಡು ಪ್ರತಿಗಳಾಗಿ ಕವಲೊಡೆದು, ಯಾವುದು ಮೂಲವೆಂದು ಹೇಳುವಂತಿಲ್ಲದಾಗುವುದು. ಪಾಠಪರಂಪರೆಯು ಕವಲೊಡೆಯುವುದನ್ನು ಬಲ್ಲವರಿಗೆ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ.

ಎರಡನೆಯದು, ಅದರ್ಶನ ಅಥವಾ ಅನ್ಯಥಾದರ್ಶನ. ಡಿಸ್ಕು ಒಂದರಲ್ಲಿ ಕಾಣುವುದು, ಇನ್ನೊಂದರಲ್ಲಿ ಕಾಣದು; ಅಥವಾ ಬೇರೆಯ ಡಿಸ್ಕೇ ಆ ಹೆಸರಿನಲ್ಲಿ ಕಾಣುವುದು. ಲಿನಕ್ಸಿನಲ್ಲಿ ಎಸ್‌ಡಿಬಿ, ಎಸ್‌ಡಿಸಿ ಎಂಬಂತಹ ಹೆಸರುಗಳು ಡಿಸ್ಕುಗಳು ಕಂಡುಬಂದ ಅನುಕ್ರಮವನ್ನು ಅನುಸರಿಸಿದುವು. ಮರಳಿ ಆರಂಭಿಸಿದಾಗ ಬದಲಾಗಬಹುದು. ಒಂದು ಮೆಷಿನ್ನಿನ ಎಸ್‌ಡಿಬಿಯು ಇನ್ನೊಂದರ ಎಸ್‌ಡಿಸಿಯಾಗಿರುವುದೂ ಉಂಟು. ಹೆಸರು ಒಂದಾದ ಮಾತ್ರಕ್ಕೆ ವಸ್ತುವು ಒಂದಲ್ಲ. ಒಂದೇ ಹೆಸರಿನ ಇಬ್ಬರು ಕವಿಗಳನ್ನು ಒಬ್ಬನೆಂದು ತಿಳಿದರೆ ಆಗುವ ಅನರ್ಥವೇ ಇಲ್ಲಿಯೂ ಆಗುವುದು. ಆದುದರಿಂದ ಡಿಸ್ಕಿನ ಸ್ಥಿರವಾದ ಗುರುತಿನ ಸಂಖ್ಯೆಯಿಂದಲೇ ಅದನ್ನು ನಿರ್ಧರಿಸತಕ್ಕದ್ದು. ವಿಎಂವೇರಿನಲ್ಲಿ ಈ ಸಂಖ್ಯೆಯು ಗೆಸ್ಟಿಗೆ ತೋರಬೇಕಾದರೆ ಡಿಸ್ಕ್-ಎನೇಬಲ್-ಯುಯುಐಡಿ ಎಂಬ ಸೂಚನೆಯನ್ನು ಮೆಷಿನ್ನಿನ ವಿವರಗಳಲ್ಲಿ ಸೇರಿಸಬೇಕಾಗಬಹುದು. ಒಂದು ಮೆಷಿನ್ನಿನಲ್ಲಿ ಹೊಸ ಪಾರ್ಟಿಷನ್ನು ಮಾಡಿದರೆ ಇನ್ನೊಂದು ತಾನಾಗಿ ಅದನ್ನು ಅರಿಯದು. ಪಾರ್ಟಿಷನ್ನಿನ ಪಟ್ಟಿಯನ್ನು ಅಲ್ಲಿ ಮತ್ತೆ ಓದಿಸಬೇಕು. ಇದನ್ನು ತಿಳಿಯದೆ, ಕಾಣದಿರುವ ಪಾರ್ಟಿಷನ್ನನ್ನು ಎರಡನೆಯ ಮೆಷಿನ್ನಿನಿಂದ ಮತ್ತೊಮ್ಮೆ ಮಾಡಹೊರಡುವುದು ಸಂಗ್ರಹಕ್ಕೆ ಮೃತ್ಯುಪ್ರಾಯವಾದ ಕೆಲಸ.

ಮೂರನೆಯದು, ಮೌನವಿಕಾರ. ಎರಡೂ ಮೆಷಿನ್ನುಗಳು ಡಿಸ್ಕನ್ನು ಕಾಣುತ್ತವೆ, ಎರಡೂ ಬರೆಯುತ್ತವೆ, ಯಾವುದೂ ದೂರುವುದಿಲ್ಲ; ಆದರೆ ಒಂದರಲ್ಲಿ ಸೇರಿಸಿದ ಫೈಲು ಇನ್ನೊಂದರಲ್ಲಿಲ್ಲ, ಅಥವಾ ಇದ್ದರೂ ಒಳಗೆ ಬೇರೆಯದಿದೆ. ಏಕಕರ್ತೃಕ ವ್ಯವಸ್ಥೆಯನ್ನು ಇಬ್ಬರು ತೆರೆದಿರುವುದು ಇದರ ಮುಖ್ಯ ಕಾರಣ. ನಿರಾಕರಣೆಯನ್ನು ಬಲಾತ್ಕಾರದಿಂದ ಪರಿಹರಿಸಿದವರು ತಲಪುವ ಸ್ಥಳವೂ ಇದೇ: ಲಾಕು ಅಡ್ಡಿಯಾಯಿತೆಂದು ಮಲ್ಟಿ-ರೈಟರ್ ಗುರುತನ್ನಿಟ್ಟರೆ ಮೆಷಿನ್ನು ಆರಂಭವಾಗುವುದು ನಿಜ. ಒಳಗೆ ಎಕ್ಸ್‌ಟ್-೪ ಇದ್ದರೆ ಹಾನಿಯೂ ಅಂದಿನಿಂದಲೇ ಆರಂಭವಾಗುವುದು.

೫. ರಿಸರ್ವೇಷನ್ ಮತ್ತು ಮತಭೇದ

ಸರದಿಯಂತೆ ಒಬ್ಬನೇ ಬರೆಯುವ ಕ್ಲಸ್ಟರುಗಳೂ ಉಂಟು. ಮೈಕ್ರೋಸಾಫ್ಟಿನ ಫೇಲ್‌ಓವರ್ ಕ್ಲಸ್ಟರ್ ಇಂತಹುದು. ಇಲ್ಲಿ ಪ್ರತಿಯೊಂದು ಮೆಷಿನ್ನೂ ೮ ಬೈಟುಗಳ ಒಂದು ಬೀಗದಕೈಯನ್ನು ಡಿಸ್ಕಿನಲ್ಲಿ ನೋಂದಾಯಿಸುವುದು. ಅವರಲ್ಲೊಬ್ಬನು ಡಿಸ್ಕನ್ನು ಕಾದಿರಿಸುವನು. ಇದಕ್ಕೆ ಸ್ಕಸಿ-೩ ಪರ್ಸಿಸ್ಟೆಂಟ್ ರಿಸರ್ವೇಷನ್ ಎಂದು ಹೆಸರು. ಅಧಿಕಾರವಿಲ್ಲದವನು ಬರೆಯಹೋದರೆ ‘ರಿಸರ್ವೇಷನ್ ಕಾನ್‌ಫ್ಲಿಕ್ಟ್’ ಎಂಬ ಉತ್ತರವು ಬರುವುದು. ದಾಖಲೆಯಲ್ಲಿ ಈ ಮಾತನ್ನು ಕಂಡೊಡನೆ ಡಿಸ್ಕು ಕೆಟ್ಟಿತೆಂದು ಊಹಿಸಲಾಗದು. ಅದು ಬಾಗಿಲು ಕಾಯುವವನ ಉತ್ತರ. ಕೇಳಬೇಕಾದುದು, ಆ ಬೀಗದಕೈ ಯಾರದು, ಅವನು ಈಗ ಜೀವಂತನಾಗಿರುವನೇ ಎಂಬುದು.

ವರ್ಚುವಲ್ ಮೆಷಿನ್ನಿನಲ್ಲಿ ಇದಕ್ಕೊಂದು ವಿಶೇಷವಾದ ತೊಡಕುಂಟು. ಗೆಸ್ಟು ಕಳುಹಿಸಿದ ರಿಸರ್ವೇಷನ್ನಿನ ಆಜ್ಞೆಯನ್ನು ನಡುವಿನ ಅಂತಸ್ತುಗಳು ಯಥಾರ್ಥವಾಗಿ ಸಾಗಿಸಬೇಕು. ವಿಎಂವೇರಿನ ವರ್ಚುವಲ್ ಕಂಟ್ರೋಲರಿಗೆ ಬಸ್ ಷೇರಿಂಗ್ ಎಂಬ ಗುಣವಿದ್ದು ಅದಕ್ಕೆ ಮೂರು ಮೌಲ್ಯಗಳಿವೆ: ಹಂಚಿಕೆಯಿಲ್ಲ, ವರ್ಚುವಲ್, ಅಂದರೆ ಒಂದೇ ಹೋಸ್ಟಿನಲ್ಲಿರುವ ಮೆಷಿನ್ನುಗಳೊಳಗೆ ಹಂಚಿಕೆ, ಫಿಸಿಕಲ್, ಅಂದರೆ ಬೇರೆ ಬೇರೆ ಹೋಸ್ಟುಗಳಲ್ಲಿರುವ ಮೆಷಿನ್ನುಗಳೊಳಗೂ ಹಂಚಿಕೆ. ಎರಡನೆಯ ಮೌಲ್ಯವನ್ನಿಟ್ಟು ಮೆಷಿನ್ನುಗಳನ್ನು ಬೇರೆ ಬೇರೆ ಹೋಸ್ಟುಗಳಲ್ಲಿರಿಸಿದರೆ ಕ್ಲಸ್ಟರು ನಿಲ್ಲಲಾರದು. ಕೆವಿಎಂನಲ್ಲಿ ಈ ಆಜ್ಞೆಗಳನ್ನು ಸಾಗಿಸಲು ಒಂದು ಸಹಾಯಕ ಕಾರ್ಯಕ್ರಮವು ನಡೆಯುತ್ತಿರಬೇಕು.

ಮೆಷಿನ್ನುಗಳೊಳಗಿನ ಜಾಲವು ಕಡಿದಾಗ ಇನ್ನೊಂದು ಸಂಕಟ. ಪ್ರತಿಯೊಂದೂ ಇನ್ನೊಂದು ಸತ್ತಿತೆಂದು ತಿಳಿದು ತಾನೇ ಒಡೆಯನಾಗಹೊರಡುವುದು. ಯಂತ್ರಜ್ಞರು ಇದನ್ನು ಸ್ಪ್ಲಿಟ್ ಬ್ರೇನ್ ಎನ್ನುತ್ತಾರೆ. ಇದಕ್ಕೆ ಎರಡು ಪರಿಹಾರಗಳನ್ನು ಒಟ್ಟಿಗೆ ಬಳಸುವುದುಂಟು. ಒಂದು, ಬಹುಮತ: ಅರ್ಧಕ್ಕಿಂತ ಹೆಚ್ಚು ಮತವಿರುವ ಗುಂಪು ಮಾತ್ರ ಕೆಲಸ ಮಾಡತಕ್ಕದ್ದು. ಇಬ್ಬರೇ ಇರುವಲ್ಲಿ ಒಬ್ಬನಿಗೆ ಬಹುಮತವು ಬರಲಾರದಾದುದರಿಂದ ಮೂರನೆಯ ಮತಕ್ಕಾಗಿ ಒಂದು ಸಾಕ್ಷಿಯನ್ನಿಡುತ್ತಾರೆ. ಎರಡು, ಫೆನ್ಸಿಂಗ್: ಉತ್ತರ ಕೊಡದವನನ್ನು ಸತ್ತನೆಂದು ನಂಬುವುದಕ್ಕೆ ಮುಂಚೆ ಅವನ ವಿದ್ಯುತ್ತನ್ನು ತೆಗೆಯುವುದು ಅಥವಾ ಡಿಸ್ಕಿಗೆ ಅವನ ದಾರಿಯನ್ನು ಮುಚ್ಚುವುದು. ಫೆನ್ಸಿಂಗ್ ವಿಫಲವಾದಾಗ ಜಿಎಫ್‌ಎಸ್-೨ ಡಿಸ್ಕಿನ ಕೆಲಸವೆಲ್ಲವೂ ಸ್ತಬ್ಧವಾಗಿ ನಿಲ್ಲುವುದು. ಈ ಸ್ತಂಭನವನ್ನು ಕಂಡು ಅಸಹನೆಯಿಂದ ಫೆನ್ಸಿಂಗನ್ನೇ ತೆಗೆದುಹಾಕುವವರಿದ್ದಾರೆ. ಅದರಿಂದ ಕೆಲಸವು ಸಾಗುವುದು, ಸಂಗ್ರಹವು ಉಳಿಯುವುದೆಂಬ ಭರವಸೆ ಹೋಗುವುದು.

೬. ಪರೀಕ್ಷಾಕ್ರಮ

ಮೊದಲನೆಯ ವಿಧಿ: ಬರವಣಿಗೆಯನ್ನು ನಿಲ್ಲಿಸತಕ್ಕದ್ದು. ಕಾರಣವು ತಿಳಿಯುವವರೆಗೆ ಹಂಚಿಕೆಯ ಮೆಷಿನ್ನುಗಳನ್ನೆಲ್ಲಾ ಕ್ರಮವಾಗಿ ನಿಲ್ಲಿಸುವುದು ಉತ್ತಮ. ಮೂರನೆಯ ವರ್ಗದ ದೋಷದಲ್ಲಿ ಕಳೆಯುವ ಒಂದೊಂದು ಗಳಿಗೆಯೂ ಹಾನಿಯನ್ನು ಬೆಳೆಸುವುದು.

ಎರಡನೆಯ ವಿಧಿ: ಚಿಕಿತ್ಸೆಗೆ ಮುಂಚೆ ಪ್ರತಿಯನ್ನು ತೆಗೆಯತಕ್ಕದ್ದು. ಮಲ್ಟಿ-ರೈಟರ್ ಡಿಸ್ಕಿಗೆ ಸ್ನ್ಯಾಪ್‌ಷಾಟ್ ಇಲ್ಲವಾದುದರಿಂದ, ಎಲ್ಲರೂ ನಿಂತಿರುವಾಗ ಪೂರ್ಣವಾದ ನಕಲನ್ನು ಮಾಡಬೇಕು, ಅಥವಾ ಕೆಳಗಿನ ಸ್ಟೋರೇಜಿನ ಸೌಕರ್ಯದಿಂದ ಮಾಡಿಸಬೇಕು. ಫೈಲ್ ವ್ಯವಸ್ಥೆಯನ್ನು ಸರಿಪಡಿಸುವ ಎಫ್‌ಎಸ್‌ಸಿಕೆ ಎಂಬ ಸಾಧನವನ್ನು ಮೊದಲು ಬದಲಾವಣೆ ಮಾಡದೆ ವರದಿ ಮಾತ್ರ ಕೊಡುವ ರೀತಿಯಲ್ಲಿ ನಡೆಸಬೇಕು. ಇನ್ನೊಂದು ಮೆಷಿನ್ನು ಡಿಸ್ಕನ್ನು ತೆರೆದಿರುವಾಗ ಅದನ್ನು ಸರ್ವಥಾ ನಡೆಸಕೂಡದು.

ಮೂರನೆಯ ವಿಧಿ: ಜೋಡಣೆಯ ಪಟ್ಟಿಯನ್ನು ಬರೆಯತಕ್ಕದ್ದು. ಈ ಡಿಸ್ಕು ಯಾವ ಯಾವ ಮೆಷಿನ್ನಿಗೆ ಜೋಡಿಸಿದೆ, ಎಲ್ಲದರಲ್ಲಿಯೂ ಗುರುತಿನ ಸಂಖ್ಯೆಯು ಒಂದೇ ಆಗಿದೆಯೇ, ಹಂಚಿಕೆಯ ಗುರುತು ಎಲ್ಲದರಲ್ಲಿಯೂ ಇದೆಯೇ, ಕಂಟ್ರೋಲರಿನ ಗುಣವು ಸಮಾನವಾಗಿದೆಯೇ, ಒಳಗಿರುವ ಫೈಲ್ ವ್ಯವಸ್ಥೆ ಯಾವ ಜಾತಿಯದು ಎಂಬಿವನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಅನೇಕ ದೋಷಗಳು ಇಲ್ಲಿಯೇ ಹೊರಬೀಳುವುವು. ಹಿಂದೆ ಪ್ರಯೋಗಾರ್ಥವಾಗಿ ಜೋಡಿಸಿ ಮರೆತುಬಿಟ್ಟ ಮೂರನೆಯ ಮೆಷಿನ್ನೊಂದು ಪಟ್ಟಿಯಲ್ಲಿ ಕಾಣಬಹುದು.

ನಾಲ್ಕನೆಯ ವಿಧಿ: ಅನ್ವಯವ್ಯತಿರೇಕಗಳಿಂದ ಅಂತಸ್ತನ್ನು ನಿರ್ಣಯಿಸತಕ್ಕದ್ದು. ಈ ಪರೀಕ್ಷೆಯನ್ನು ಬೆಲೆಯುಳ್ಳ ಸಂಗ್ರಹದ ಮೇಲೆ ಮಾಡದೆ, ಅದೇ ರೀತಿಯಲ್ಲಿ ಜೋಡಿಸಿದ ಒಂದು ಖಾಲಿ ಡಿಸ್ಕಿನ ಮೇಲೆ ಮಾಡಬೇಕು. ಮೊದಲು ಒಂದು ಹೋಸ್ಟಿನಲ್ಲಿ ಒಂದೇ ಮೆಷಿನ್ನು. ಇಲ್ಲಿಯೇ ದೋಷವಿದ್ದರೆ ಹಂಚಿಕೆಯು ಕಾರಣವಲ್ಲ, ಸ್ಟೋರೇಜನ್ನೂ ಜಾಲವನ್ನೂ ನೋಡಬೇಕು. ಅನಂತರ ಅದೇ ಹೋಸ್ಟಿನಲ್ಲಿ ಎರಡು ಮೆಷಿನ್ನುಗಳು; ಇಲ್ಲಿ ದೋಷವು ಹುಟ್ಟಿದರೆ ಹಂಚಿಕೆಯ ಗುರುತು, ಫೈಲಿನ ಜಾತಿ, ಒಳಗಿನ ಫೈಲ್ ವ್ಯವಸ್ಥೆ ಇವುಗಳಲ್ಲಿ ಕಾರಣವನ್ನು ಹುಡುಕಬೇಕು. ಕಡೆಗೆ ಎರಡು ಹೋಸ್ಟುಗಳಲ್ಲಿ ಎರಡು ಮೆಷಿನ್ನುಗಳು. ಇಲ್ಲಿ ಮಾತ್ರ ದೋಷವು ತೋರಿದರೆ ಬಸ್ ಷೇರಿಂಗ್, ರಿಸರ್ವೇಷನ್ನಿನ ಸಾಗಾಟ, ಹೋಸ್ಟಿನ ಕ್ಯಾಷು, ಅಥವಾ ಎರಡನೆಯ ಹೋಸ್ಟಿನಿಂದ ಸ್ಟೋರೇಜಿಗಿರುವ ದಾರಿ ಇವುಗಳಲ್ಲೊಂದು ಕಾರಣವಾಗಿರಬೇಕು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸತಕ್ಕದ್ದು. ನಾಲ್ಕನ್ನು ಒಟ್ಟಿಗೆ ಬದಲಾಯಿಸಿ ದೋಷವು ಹೋದರೆ ಉಪಶಯವು ಯಾವುದರಿಂದ ಬಂದಿತೆಂಬುದು ತಿಳಿಯದು, ದೋಷವು ಮರಳಿ ಬಂದಾಗ ಉಪಾಯವೂ ತೋಚದು.

ಐದನೆಯ ವಿಧಿ: ಸತ್ತವನ ಲಾಕನ್ನು ತೆಗೆಯುವುದಕ್ಕೆ ಮುಂಚೆ ಅವನು ಸತ್ತಿರುವುದನ್ನು ಪ್ರತ್ಯಕ್ಷವಾಗಿ ನಿಶ್ಚಯಿಸಿಕೊಳ್ಳತಕ್ಕದ್ದು. ಉತ್ತರ ಬಾರದಿರುವುದು ಮರಣಕ್ಕೆ ಪ್ರಮಾಣವಲ್ಲ.

ಆರನೆಯ ವಿಧಿಯು ವಿದ್ವಾಂಸರಿಗೆ ಸೇರಿದುದು: ಪಾಠವನ್ನು ಪರೀಕ್ಷಿಸತಕ್ಕದ್ದು. ಎಫ್‌ಎಸ್‌ಸಿಕೆಯು ‘ದೋಷವಿಲ್ಲ’ ಎಂದರೆ ಪಟ್ಟಿಗಳೂ ಬ್ಲಾಕುಗಳ ಲೆಕ್ಕವೂ ಹೊಂದಿಕೊಂಡಿವೆಯೆಂದಷ್ಟೇ ಅರ್ಥ. ಕಟ್ಟು ಬಿಗಿಯಾಗಿದೆ, ಗರಿಗಳ ಸಂಖ್ಯೆ ಸರಿಯಾಗಿದೆಯೆಂದು ಅದು ಹೇಳಿತು; ಗರಿಯಲ್ಲಿ ಏನು ಬರೆದಿದೆಯೆಂದು ಅದಕ್ಕೆ ತಿಳಿಯದು. ಇದಕ್ಕೆ ಸಾಧನವೆಂದರೆ, ಸಂಗ್ರಹವು ಸುಸ್ಥಿತಿಯಲ್ಲಿದ್ದಾಗಲೇ ಪ್ರತಿಯೊಂದು ಫೈಲಿಗೂ ಎಸ್‌ಎಚ್‌ಎ-೨೫೬ ಎಂಬಂತಹ ಗಣನದಿಂದ ಒಂದು ಮುದ್ರಾಸಂಖ್ಯೆಯನ್ನು ತೆಗೆದು ಬೇರೆಡೆಯಲ್ಲಿ ಇಟ್ಟಿರುವುದು. ಒಂದು ಅಕ್ಷರವು ಬದಲಾದರೂ ಆ ಸಂಖ್ಯೆಯು ಬೇರೆಯಾಗುವುದು. ಮುದ್ರಾಸಂಖ್ಯೆಯಿಲ್ಲದ ಸಂಗ್ರಹದಲ್ಲಿ ಯಾವ ಚಿತ್ರವು ಕೆಟ್ಟಿದೆಯೆಂಬುದನ್ನು ಒಂದೊಂದಾಗಿ ತೆರೆದು ಕಣ್ಣಿನಿಂದಲೇ ನೋಡಬೇಕಾಗುವುದು.

೭. ಪೂರ್ವಪಕ್ಷವೂ ಸಮಾಧಾನವೂ

ಇಷ್ಟು ಅಪಾಯವಿರುವಲ್ಲಿ ಡಿಸ್ಕನ್ನು ಹಂಚುವುದಾದರೂ ಏಕೆ ಎಂದು ಆಕ್ಷೇಪಿಸಬಹುದು. ಒಂದು ಮೆಷಿನ್ನು ನಿಂತರೂ ಇನ್ನೊಂದು ಕೆಲಸವನ್ನು ಮುಂದುವರಿಸಬೇಕಾದ ಕಡೆಗಳಲ್ಲಿ, ಉದಾಹರಣೆಗೆ ಬ್ಯಾಂಕು ಆಸ್ಪತ್ರೆಗಳ ಡೇಟಾಬೇಸುಗಳಲ್ಲಿ, ಹಂಚಿಕೆಗೆ ಯುಕ್ತಿಯುಂಟು. ಅಲ್ಲಿ ಬರೆಯುವ ಒಪ್ಪಂದವನ್ನು ಕಾರ್ಯಕ್ರಮವೇ ನಡೆಸುವುದು, ಅದನ್ನು ಕಾಯುವ ಜನರೂ ಇರುವರು. ಗ್ರಂಥಸಂಗ್ರಹಗಳ ಅವಶ್ಯಕತೆ ಬೇರೆ. ಅಲ್ಲಿ ಒಂದೇ ಮೆಷಿನ್ನಿಗೆ ಡಿಸ್ಕನ್ನು ಕೊಟ್ಟು, ಉಳಿದುವು ಅದರಿಂದ ಎನ್‌ಎಫ್‌ಎಸ್ ಅಥವಾ ಎಸ್‌ಎಂಬಿ ಎಂಬ ಜಾಲದ ಪದ್ಧತಿಯಿಂದ ಫೈಲುಗಳನ್ನು ಕೇಳಿ ಪಡೆಯುವಂತೆ ಮಾಡಿದರೆ ಸಾಕು. ಆಗ ಬ್ಲಾಕುಗಳ ಲೆಕ್ಕವನ್ನು ಇಡುವವನು ಒಬ್ಬನೇ ಆಗುವನು. ಮೂರನೆಯ ವರ್ಗದ ದೋಷದ ಬೇರೇ ಕಡಿದುಹೋಗುವುದು. ಆ ಒಂದು ಮೆಷಿನ್ನು ನಿಂತರೆ ಸ್ವಲ್ಪ ಕಾಲ ಓದಲಾಗದೆಂಬ ನಷ್ಟವುಂಟು. ಒಂದು ಗಂಟೆ ಓದಲಾಗದ ಗ್ರಂಥಕ್ಕಿಂತ ಎಂದೆಂದಿಗೂ ಓದಲಾಗದ ಗ್ರಂಥವು ದೊಡ್ಡ ನಷ್ಟ.

ಎರಡು ಮೆಷಿನ್ನುಗಳಿಗೆ ಡಿಸ್ಕನ್ನು ಹಂಚಿರುವುದರಿಂದ ನಮ್ಮಲ್ಲಿ ಎರಡು ಪ್ರತಿಗಳಿವೆಯೆಂಬ ಭ್ರಾಂತಿಯನ್ನೂ ಇಲ್ಲಿಯೇ ನಿವಾರಿಸಬೇಕು. ಮೆಷಿನ್ನುಗಳು ಎರಡಾದರೂ ಡಿಸ್ಕು ಒಂದೇ, ಪ್ರತಿಯೂ ಒಂದೇ. ಒಬ್ಬನು ಅಳಿಸಿದುದು ಇಬ್ಬರಿಗೂ ಅಳಿದುಹೋಯಿತು. ಬ್ಯಾಕಪ್ ಎನಿಸಬೇಕಾದರೆ ಅದು ಬೇರೊಂದು ಡಿಸ್ಕಿನಲ್ಲಿ, ಸಾಧ್ಯವಾದರೆ ಬೇರೊಂದು ಕಟ್ಟಡದಲ್ಲಿ, ಈ ಮೆಷಿನ್ನುಗಳ ಕೈಗೆ ಎಟುಕದಂತೆ ಇರಬೇಕು.

ಸಂಗ್ರಹದ ಅಧಿಕಾರಿಗಳು ತಮ್ಮ ಯಂತ್ರಜ್ಞರಿಂದ ಬರವಣಿಗೆಯಲ್ಲಿ ಪಡೆಯಬೇಕಾದ ಉತ್ತರಗಳು ನಾಲ್ಕು. ನಮ್ಮ ಡಿಸ್ಕನ್ನು ಎಷ್ಟು ಮೆಷಿನ್ನುಗಳು ತೆರೆಯಬಲ್ಲವು? ಅವುಗಳೊಳಗೆ ಬರೆಯುವ ಸರದಿಯನ್ನು ನಿರ್ಣಯಿಸುವುದು ಯಾವುದು? ಅದು ವಿಫಲವಾದರೆ ನಮಗೆ ಹೇಗೆ ತಿಳಿಯುವುದು? ಕಡೆಯ ಬ್ಯಾಕಪ್ಪನ್ನು ತೆರೆದು ಮುದ್ರಾಸಂಖ್ಯೆಯೊಡನೆ ಹೋಲಿಸಿ ನೋಡಿದುದು ಎಂದು? ಮೊದಲನೆಯ ಪ್ರಶ್ನೆಗೆ ‘ಒಂದು’ ಎಂಬ ಉತ್ತರವು ಬಂದರೆ ನಡುವಿನ ಎರಡನ್ನು ಕೇಳಬೇಕಾಗಿಲ್ಲ. ನಾಲ್ಕನೆಯದನ್ನು ಮಾತ್ರ ಎಲ್ಲರನ್ನೂ ಕೇಳಲೇಬೇಕು.